ಬೀಟಲ್ಸ್‌ಗೂ ಮೊದಲಿನ ಬ್ರಿಟಿಷ್ ರಾಕ್ ಅಂಡ್ ರೋಲ್ ಚಿತ್ರಗಳು: ತೆರೆಯ ಮೇಲಿನ ಹಾಡು, ತಟ್ಟೆಯ ಮೇಲಿನ ಹಾಡು

ತಟ್ಟೆಪೆಟ್ಟಿಗೆ (ಮೈಸೂರು), ಚರ್ಚೆಯನ್ನು ಆರಂಭಿಸಿದವರು:

ವೇದಿಕೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ತಾಯಿಯವರ ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಒಂದೊಂದನ್ನೇ ಒರೆಸುತ್ತಿದ್ದಾಗ, ಕಾಳಿಂಗರಾಯರ ಭಾವಗೀತೆಗಳ ನಡುವೆ ಕೊಲಂಬಿಯಾ ಕಂಪನಿಯ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯೊಂದು ಸಿಕ್ಕಿತು. ಅಂಚಿನಲ್ಲಿ ಉಗುರಿನಗಲದ ಚಕ್ಕೆ ಎದ್ದುಹೋಗಿದೆ. ಮುಳ್ಳನ್ನು ಅದರಾಚೆ ಜೋಪಾನವಾಗಿ ಇಳಿಸಿದರೆ ಹಾಡು ಪೂರ್ತಿಯಾಗಿ ಕೇಳುತ್ತದೆ. ಚೀಟಿಯ ಮೇಲೆ ‘ಲಿವಿಂಗ್ ಡಾಲ್’ ಎಂದೂ ಅದರ ಕೆಳಗೆ ‘ಕ್ಲಿಫ್ ರಿಚರ್ಡ್ ಅಂಡ್ ದಿ ಡ್ರಿಫ್ಟರ್ಸ್’ ಎಂದೂ ಅಚ್ಚಾಗಿದೆ. ತಾಯಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಕುಟುಂಬವು ಆಸ್ಟ್ರೇಲಿಯಾಕ್ಕೆ ಹೊರಟಾಗ ಆ ಮನೆಯ ಮಗಳು ಇವರ ಕೈಗಿಟ್ಟು ಹೋದ ತಟ್ಟೆ ಇದು.

ಹಾಡು ನನಗೆ ಬಾಲ್ಯದಿಂದಲೂ ಪರಿಚಿತ. ಆರಾಮವಾಗಿ, ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು ಗುನುಗಿಕೊಂಡಂತೆ ಸಾಗುವ ಹಾಡು ಅದು. ಆದರೆ ಅದು ಮೊದಲು ಬಂದ ‘ಸೀರಿಯಸ್ ಚಾರ್ಜ್’ ಎಂಬ 1959ರ ಚಿತ್ರವನ್ನು ಈಚೆಗೆ ನೋಡಿದಾಗ ನಾನು ಬೆಚ್ಚಿದೆ. ಅಲ್ಲಿ ಅದೇ ಮಾತು, ಅದೇ ಧಾಟಿ, ಬ್ರಿಟನ್ನಿನ ಹಾಡುಗಾರ ಕ್ಲಿಫ್‌ನ ಅದೇ ಹದಿನೆಂಟರ ದನಿ ಇವೆ. ಆದರೆ ಗತಿ ಮಾತ್ರ ಬೇರೆ. ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿರುವಂತೆ ಹಾಡು ಓಡುತ್ತದೆ. ಕರ್ನಾಟಕ ಸಂಗೀತ ಕೇಳುವವರಿಗೆ ನಾನು ಹೇಳುತ್ತಿರುವುದು ಕೂಡಲೇ ಅರ್ಥವಾದೀತು: ಒಂದೇ ಕೃತಿಯನ್ನು ನಿಧಾನದ ಚೌಕಕಾಲದಲ್ಲಿ ಕೇಳಿ ಬೆಳೆದವನಿಗೆ ಅದನ್ನೇ ವೇಗದ ದುರಿತಕಾಲದಲ್ಲಿ ಹಾಡಿ ತೋರಿಸಿದರೆ ರಾಗವೇ ಬದಲಾದಂತೆ ಅನ್ನಿಸುತ್ತದೆಯಲ್ಲ, ಹಾಗೆ.

ಅಂದಿನಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. 1957ರಿಂದ 1964ರವರೆಗಿನ ಬ್ರಿಟಿಷ್ ರಾಕ್ ಅಂಡ್ ರೋಲ್ ಚಿತ್ರಗಳನ್ನು ನೆನೆದು ನಾವು ಹಂಬಲಿಸುವಾಗ ನಿಜಕ್ಕೂ ಹಂಬಲಿಸುವುದು ತಟ್ಟೆಗಳಿಗೇ ಹೊರತು ಚಿತ್ರಗಳಿಗಲ್ಲ. ಚಿತ್ರಗಳೊಳಗಿನ ಹಾಡು ಬೇರೆಯದೇ ಜೀವವನ್ನು ಬಾಳುತ್ತಿದೆ, ಅದನ್ನು ನಾವು ಕೇಳಿಯೇ ಇಲ್ಲ. ತಮ್ಮ ನೆನಪುಗಳನ್ನೂ ತಿಳಿವಳಿಕೆಯನ್ನೂ ಇಲ್ಲಿ ಹಂಚಿಕೊಳ್ಳಬೇಕೆಂದು ಕೋರುತ್ತೇನೆ.

ಗಿಟಾರ್ ಮೇಷ್ಟ್ರು (ಧಾರವಾಡ):

ತಮ್ಮ ಕಿವಿ ಸರಿಯಾಗಿಯೇ ಗುರುತಿಸಿದೆ. ಆ ಹಾಡನ್ನು ಬರೆದ ಲಯನೆಲ್ ಬಾರ್ಟ್ ಲಂಡನ್ನಿನ ಈಸ್ಟ್ ಎಂಡ್ ಬಡಾವಣೆಯ ದರ್ಜಿಯೊಬ್ಬರ ಮಗ. ಸ್ವರಲಿಪಿ ಓದಲು ಬಾರದ ಆತ ಧಾಟಿಯನ್ನು ಗುನುಗಿ ತೋರಿಸಿ ಬೇರೆಯವರಿಂದ ಬರೆಸುತ್ತಿದ್ದರು. ಪತ್ರಿಕೆಯಲ್ಲಿ ಕಂಡ ಗೊಂಬೆಯೊಂದರ ಜಾಹೀರಾತು ಈ ಹಾಡಿಗೆ ಪ್ರೇರಣೆಯಾಯಿತು. ಚಿತ್ರದಲ್ಲಿ ಅದನ್ನು ರಾಕ್ ಅಂಡ್ ರೋಲ್‌ನ ಓಟಕ್ಕೇ ಕೂರಿಸಲಾಗಿತ್ತು, ಕ್ಲಿಫ್‌ಗೆ ಅದು ಹಿಡಿಸಿರಲಿಲ್ಲ. ಆದರೆ ಚಿತ್ರದ ಹಾಡೊಂದನ್ನು ತಟ್ಟೆಯಾಗಿ ಹೊರತರಲೇಬೇಕು ಎಂಬ ಒಪ್ಪಂದವಿತ್ತು. ಆಗ ತಂಡದ ಗಿಟಾರ್ ವಾದಕ ಬ್ರೂಸ್ ವೆಲ್ಚ್ ಅದನ್ನೇ ನಿಧಾನಿಸಿ ಹಳ್ಳಿಗಾಡಿನ ಹಾಡಿನ ಹದಕ್ಕೆ ತಂದು ನೋಡೋಣ ಎಂದು ಸೂಚಿಸಿದರು. ಆ ನಿಧಾನಗತಿಯ ತಟ್ಟೆ 1959ರಲ್ಲಿ ಬ್ರಿಟನ್ನಿನ ತಟ್ಟೆಗಳ ಮಾರಾಟದ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಇಷ್ಟವಿಲ್ಲದ ಹಾಡನ್ನು ಉಳಿಸಿಕೊಳ್ಳಲು ಕಂಡುಕೊಂಡ ದಾರಿಯೇ ಇಡೀ ತಂಡದ ದೆಸೆಯನ್ನು ತಿರುಗಿಸಿತು.

ತಮ್ಮ ತಟ್ಟೆಯ ಚೀಟಿಯ ಮೇಲೆ ‘ಡ್ರಿಫ್ಟರ್ಸ್’ ಎಂದಿರುವುದು ಕೂಡ ಆ ಹೊತ್ತಿನ ಗುರುತು. ಅಮೆರಿಕದಲ್ಲಿ ಅದೇ ಹೆಸರಿನ ತಂಡವೊಂದು ಮೊದಲೇ ಇದ್ದುದರಿಂದ ಇವರು ಅದೇ ವರ್ಷ ‘ದಿ ಶ್ಯಾಡೋಸ್’ ಎಂದು ಹೆಸರು ಬದಲಿಸಿಕೊಂಡರು.

ವಾದ್ಯಗಳ ಬಗ್ಗೆ ಒಂದು ಮಾತು. 1951ರಿಂದ 1959ರವರೆಗೆ ಅಮೆರಿಕದ ವಾದ್ಯಗಳನ್ನು ಬ್ರಿಟನ್ನಿಗೆ ತರಿಸಿಕೊಳ್ಳಲು ನಿರ್ಬಂಧವಿತ್ತು. ಆದ್ದರಿಂದ ಅಲ್ಲಿನ ಹುಡುಗರು ಅಮೆರಿಕದ ತಟ್ಟೆಗಳಲ್ಲಿ ಕೇಳಿದ ನಾದವನ್ನು ಕೈಗೆ ಸಿಕ್ಕ ಗಿಟಾರಿನಲ್ಲಿ ಹುಡುಕಬೇಕಾಗಿತ್ತು. ತಂಡದ ಮುಖ್ಯ ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್ ನುಡಿಸುತ್ತಿದ್ದುದು ಜಪಾನಿನಲ್ಲಿ ತಯಾರಾದ ಆಂಟೋರಿಯಾ ಗಿಟಾರ್. ಅವರಿಗಾಗಿ ಕ್ಲಿಫ್ ಅಮೆರಿಕದಿಂದ ಕೆಂಪು ಬಣ್ಣದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ತರಿಸಿಕೊಟ್ಟದ್ದು 1959ರಲ್ಲಿ. ಮುಂದಿನ ಚಿತ್ರಗಳಲ್ಲಿ ಶ್ಯಾಡೋಸ್ ನುಡಿಸುವಾಗ ನೀರಿನ ಮೇಲೆ ಬೆಳಕು ಬಿದ್ದಂತೆ ಹೊಳೆಯುವ ಆ ನಾದ ಬಂದದ್ದು ಆ ಗಿಟಾರಿನಿಂದಲೂ ಪ್ರತಿಧ್ವನಿಯ ಯಂತ್ರದಿಂದಲೂ. ನನ್ನ ಶಿಷ್ಯರಿಗೆ ಇಂದಿಗೂ ಶ್ಯಾಡೋಸ್ ನುಡಿಸಿದ ‘ಅಪಾಚೆ’ಯ ಮೊದಲ ಸಾಲನ್ನು ಕಲಿಸದೆ ನಾನು ಮುಂದಿನ ಪಾಠಕ್ಕೆ ಹೋಗುವುದಿಲ್ಲ.

ಕಂಟೋನ್ಮೆಂಟ್ ಹಿರಿಯ (ಬೆಂಗಳೂರು):

ನನಗೀಗ ಎಪ್ಪತ್ತೆಂಟು ವರ್ಷ. ತಟ್ಟೆಗಳ ಇತಿಹಾಸ ನನಗೆ ತಿಳಿಯದು. ಆದರೆ ‘ಸಮರ್ ಹಾಲಿಡೇ’ ಚಿತ್ರವನ್ನು ಕಂಟೋನ್ಮೆಂಟಿನ ಟಾಕೀಸಿನಲ್ಲಿ ನೋಡಿದ ಸಂಜೆ ನನಗೆ ನೆನ್ನೆಯಂತೆ ನೆನಪಿದೆ. ನಮ್ಮಣ್ಣ ತನ್ನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನನ್ನನ್ನು ಕೂರಿಸಿಕೊಂಡು ಬಸವನಗುಡಿಯಿಂದ ತುಳಿದುಕೊಂಡು ಹೋಗಿದ್ದ. ಪ್ಲಾಝಾ, ರೆಕ್ಸ್ ಮೊದಲಾದ ಆ ಕಡೆಯ ಟಾಕೀಸುಗಳಿಗೆ ಹೋಗುವುದೆಂದರೆ ನಮಗೆ ಬೇರೊಂದು ಊರಿಗೆ ಹೋದಂತೆ. ಇಂದು ಆ ಎರಡೂ ಇಲ್ಲ. ರೆಕ್ಸ್ 2018ರ ಕೊನೆಯ ದಿನ ಬಾಗಿಲು ಮುಚ್ಚಿತು.

ಚಿತ್ರ ಆರಂಭವಾಗುವುದು ಕಪ್ಪು ಬಿಳುಪಿನಲ್ಲಿ. ಇಂಗ್ಲೆಂಡಿನ ಬೇಸಿಗೆ, ಕಡಲತೀರ, ಎಡೆಬಿಡದ ಮಳೆ, ಒದ್ದೆಯಾಗಿ ಮುದುಡಿ ನಿಂತ ಹುಡುಗರು. ಬಣ್ಣದ ಚಿತ್ರವೆಂದು ಹೇಳಿ ಕರೆದುತಂದ ಅಣ್ಣನ ಕಡೆಗೆ ನಾನು ಮುಖ ಗಂಟಿಕ್ಕಿಕೊಂಡು ನೋಡಿದೆ. ಅಷ್ಟರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸು ಬಂತು, ಬಸ್ಸಿನ ಜೊತೆಗೆ ಬಣ್ಣವೂ ಬಂತು. ತೆರೆಯ ತುಂಬ ಆ ಕೆಂಪು ಹರಡಿದಾಗ ಟಾಕೀಸಿನಲ್ಲಿ ಎದ್ದ ಸದ್ದು ಶಿಳ್ಳೆಯಲ್ಲ, ಚಪ್ಪಾಳೆಯೂ ಅಲ್ಲ. ನೂರಾರು ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು. ಸಿಡ್ನಿ ಫ್ಯೂರಿ ನಿರ್ದೇಶಿಸಿದ ಆ ಚಿತ್ರದಲ್ಲಿ ನಾಲ್ವರು ಮೆಕ್ಯಾನಿಕ್ ಹುಡುಗರು ಕಂಪನಿಯ ಬಸ್ಸನ್ನೇ ಓಡಾಡುವ ಮನೆಯನ್ನಾಗಿ ಮಾಡಿಕೊಂಡು ಯುರೋಪನ್ನು ದಾಟಿ ಅಥೆನ್ಸಿಗೆ ತಲುಪುತ್ತಾರೆ. ಸೈಕಲ್ಲಿನ ಕಂಬಿಯ ಮೇಲೆ ಕುಳಿತು ಮನೆಗೆ ಮರಳುವಾಗ ನಮ್ಮ ಬಸ್ಸಿನ ಒಳಗೆ ಎಲ್ಲಿ ಹಾಸಿಗೆ, ಎಲ್ಲಿ ಒಲೆ ಎಂದು ನಾವಿಬ್ಬರೂ ದಾರಿಯುದ್ದಕ್ಕೂ ಲೆಕ್ಕ ಹಾಕಿದೆವು.

ಇನ್ನೊಂದು ಸಂಗತಿಯನ್ನು ಇಲ್ಲಿನ ಕಿರಿಯರು ತಿಳಿದಿರಬೇಕು. ಕ್ಲಿಫ್ ರಿಚರ್ಡ್ ಹುಟ್ಟಿದ್ದು 1940ರ ಅಕ್ಟೋಬರ್ 14ರಂದು, ನಮ್ಮ ಲಖನೌದಲ್ಲಿ. ಆಗಿನ ಹೆಸರು ಹ್ಯಾರಿ ವೆಬ್. 1948ರಲ್ಲಿ ಆ ಕುಟುಂಬ ‘ರಾಂಚಿ’ ಎಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ನಮ್ಮ ಕಂಟೋನ್ಮೆಂಟಿನ ಆಂಗ್ಲೋ ಇಂಡಿಯನ್ ಗೆಳೆಯರು ಅವರನ್ನು ತಮ್ಮ ಮನೆಯ ಹುಡುಗನೆಂದೇ ಹೇಳಿಕೊಳ್ಳುತ್ತಿದ್ದರು. ಆ ಅಭಿಮಾನಕ್ಕೆ ಆಧಾರವಿತ್ತು.

ಗಿಟಾರ್ ಮೇಷ್ಟ್ರು (ಧಾರವಾಡ):

ಹಿರಿಯರ ಬರಹವನ್ನು ಎರಡು ಬಾರಿ ಓದಿದೆ. ಒಂದೇ ಒಂದು ತಿದ್ದುಪಡಿಗೆ ಅಪ್ಪಣೆ ಕೊಡಬೇಕು. ‘ಸಮರ್ ಹಾಲಿಡೇ’ಯನ್ನು ನಿರ್ದೇಶಿಸಿದವರು ಪೀಟರ್ ಯೇಟ್ಸ್, ಅದು ಅವರ ಮೊದಲ ಚಿತ್ರ. ಸಿಡ್ನಿ ಫ್ಯೂರಿ ಅದಕ್ಕೂ ಹಿಂದಿನ ‘ದಿ ಯಂಗ್ ಒನ್ಸ್’ ಮತ್ತು ಮುಂದಿನ ‘ವಂಡರ್‌ಫುಲ್ ಲೈಫ್’ ಚಿತ್ರಗಳ ನಿರ್ದೇಶಕರು. ತಾವು ಹೇಳಿದ ಮಳೆಯ ಆರಂಭಕ್ಕೆ ಬ್ರಿಟನ್ನಿನಲ್ಲಿ ಇನ್ನೂ ಒಂದು ಅರ್ಥ ಕೂಡಿಬಂತು. ಚಿತ್ರ ಅಲ್ಲಿ ತೆರೆಕಂಡದ್ದು 1963ರ ಜನವರಿಯಲ್ಲಿ, ಆ ಶತಮಾನದ ಅತಿ ಕೊರೆಯುವ ಚಳಿಗಾಲಗಳಲ್ಲೊಂದರ ನಡುವೆ. ಹೊರಗೆ ವಾರಗಟ್ಟಲೆ ಕರಗದ ಹಿಮ, ಒಳಗೆ ಗ್ರೀಸಿನ ಬಿಸಿಲು. ಜನ ಮುಗಿಬಿದ್ದುದರಲ್ಲಿ ಆಶ್ಚರ್ಯವಿಲ್ಲ.

ಅದರಲ್ಲಿನ ‘ಬ್ಯಾಚುಲರ್ ಬಾಯ್’ ಹಾಡು ಮೊದಲಿನ ಯೋಜನೆಯಲ್ಲಿ ಇರಲೇ ಇಲ್ಲ. ಚಿತ್ರದ ಉದ್ದ ಸಾಲದು ಎಂದು ತಿಳಿದ ಮೇಲೆ ಹಾಡನ್ನು ಸೇರಿಸಿ, ಮರಳಿ ಗ್ರೀಸಿಗೆ ಹೋಗದೆ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲೇ ಚಿತ್ರೀಕರಿಸಿದರು. ತಟ್ಟೆಪೆಟ್ಟಿಗೆಯವರ ವಾದಕ್ಕೆ ಇದು ಇನ್ನೊಂದು ಬದಿಯ ಉದಾಹರಣೆಯೆಂದು ನನಗೆ ಕಾಣುತ್ತದೆ: ಅಲ್ಲಿ ಚಿತ್ರದ ಹಾಡನ್ನು ತಟ್ಟೆಗಾಗಿ ಬದಲಿಸಿದರು, ಇಲ್ಲಿ ಚಿತ್ರದಲ್ಲಿ ಉಳಿದ ಜಾಗವನ್ನು ತುಂಬಲು ಬಂದ ಹಾಡು ಚಿತ್ರಕ್ಕಿಂತ ಹೆಚ್ಚು ಕಾಲ ಬಾಳಿತು.

ತೆರೆಯ ಓದು (ಶಿವಮೊಗ್ಗ):

ನಾನು ಸಿನಿಮಾ ಅಧ್ಯಯನದ ವಿದ್ಯಾರ್ಥಿ. ಹಿರಿಯರ ನೆನಪಿನ ಬಗ್ಗೆ ನನಗೆ ಪೂರ್ಣ ಗೌರವವಿದೆ, ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಲೇಬೇಕು. ‘ದಿ ಯಂಗ್ ಒನ್ಸ್’, ‘ಸಮರ್ ಹಾಲಿಡೇ’ ಚಿತ್ರಗಳನ್ನು ರಾಕ್ ಅಂಡ್ ರೋಲ್ ಚಿತ್ರಗಳೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಕೂಡಿ ಕುಣಿಯುವ ದೊಡ್ಡ ದೊಡ್ಡ ನೃತ್ಯಗಳು, ಹುಡುಗರೆಲ್ಲ ಸೇರಿ ಒಂದು ಪ್ರದರ್ಶನ ನಡೆಸಿ ಹಣ ಕೂಡಿಸುವ ಕಥೆ, ಕೊನೆಗೆ ತಂದೆ ಮಗ ಒಂದಾಗುವ ಮುಕ್ತಾಯ, ಇವೆಲ್ಲ ಹಾಲಿವುಡ್ಡಿನ ಹಳೆಯ ಸಂಗೀತ ಚಿತ್ರಗಳ ಬಳುವಳಿ. 1956ರಲ್ಲಿ ‘ರಾಕ್ ಅರೌಂಡ್ ದಿ ಕ್ಲಾಕ್’ ಎಂಬ ಅಮೆರಿಕದ ಚಿತ್ರ ಬ್ರಿಟನ್ನಿಗೆ ಬಂದಾಗ ಹುಡುಗ ಹುಡುಗಿಯರು ಕುರ್ಚಿಗಳ ನಡುವಿನ ದಾರಿಯಲ್ಲಿ ಕುಣಿದರು, ಅಲ್ಲಲ್ಲಿ ಕುರ್ಚಿಗಳ ಬಟ್ಟೆ ಹರಿಯಿತು, ಹಲವು ಪಟ್ಟಣಗಳ ಆಡಳಿತ ಆ ಚಿತ್ರವನ್ನೇ ನಿಷೇಧಿಸಿತು. ಐದೇ ವರ್ಷಗಳಲ್ಲಿ ಅದೇ ಸಂಗೀತ ಮನೆಮಂದಿಯೆಲ್ಲ ಕೂಡಿ ನೋಡುವ ಮನರಂಜನೆಯಾಗಿ ಪಳಗಿತು.

ಆ ಕಾಲದ ನಿಜವಾದ ಉಸಿರು ನನಗೆ ಕೇಳಿಸುವುದು ಬೇರೆ ಎರಡು ಚಿತ್ರಗಳಲ್ಲಿ. ವಾಲ್ ಗೆಸ್ಟ್ ನಿರ್ದೇಶಿಸಿದ 1959ರ ‘ಎಕ್ಸ್‌ಪ್ರೆಸ್ಸೋ ಬಾಂಗೋ’ದಲ್ಲಿ ಲಾರೆನ್ಸ್ ಹಾರ್ವೆ ಅಭಿನಯಿಸಿದ ದಲ್ಲಾಳಿ ಲಂಡನ್ನಿನ ಸೋಹೋ ಬಡಾವಣೆಯ ಕಾಫಿ ಬಾರಿನಲ್ಲಿ ಹಾಡುವ ಹುಡುಗನೊಬ್ಬನನ್ನು ಹಿಡಿದು, ಗಳಿಕೆಯ ಅರ್ಧ ಪಾಲು ತನಗೆಂದು ಕರಾರು ಬರೆಸಿಕೊಳ್ಳುತ್ತಾನೆ. ಹುಡುಗನಿಗೆ 21 ತುಂಬಿಲ್ಲವಾದ್ದರಿಂದ ಕರಾರೇ ಕಾನೂನಿನಲ್ಲಿ ನಿಲ್ಲದು. ಹುಡುಗನ ಪಾತ್ರ ಕ್ಲಿಫ್ ರಿಚರ್ಡ್‌ನದು. ಹಾಡುವ ಎಳೆಯರನ್ನು ವ್ಯಾಪಾರದ ಸರಕಾಗಿಸುವ ಇಡೀ ವ್ಯವಸ್ಥೆಯನ್ನು, ಅದೇ ವ್ಯವಸ್ಥೆಯ ಹೊಸ ತಾರೆಯನ್ನೇ ಮುಂದಿಟ್ಟುಕೊಂಡು ತೋರಿಸಿದ ಧೈರ್ಯ ಆ ಚಿತ್ರಕ್ಕಿದೆ. ಅದರ ‘ಎ ವಾಯ್ಸ್ ಇನ್ ದಿ ವೈಲ್ಡರ್‌ನೆಸ್’ ಹಾಡು 1960ರಲ್ಲಿ ಎರಡನೆಯ ಸ್ಥಾನಕ್ಕೇರಿತು. ಇನ್ನೊಂದು ಚಿತ್ರ ಹಾಡುಗಾರ ಆಡಮ್ ಫೇತ್ ನಟಿಸಿದ 1960ರ ‘ಬೀಟ್ ಗರ್ಲ್’, ಜಾನ್ ಬ್ಯಾರಿ ಅವರು ಸಂಗೀತ ಕೊಟ್ಟ ಮೊದಲ ಚಿತ್ರ. ಶೀರ್ಷಿಕೆ ಮೂಡುವಾಗಲೇ ತಗ್ಗಿನ ತಂತಿಗಳು ಗುರುಗುಟ್ಟುವ ಆ ಗಿಟಾರ್ ಕೇಳಿದರೆ, ಕೆಲವೇ ವರ್ಷಗಳಲ್ಲಿ ಜೇಮ್ಸ್ ಬಾಂಡ್ ಚಿತ್ರಗಳಲ್ಲಿ ಜಗತ್ತು ಕೇಳಲಿದ್ದ ನಾದ ಎಲ್ಲಿ ಹುಟ್ಟಿತೆಂದು ತಿಳಿಯುತ್ತದೆ.

ಲಂಡನ್ ಕನ್ನಡತಿ:

ಕಾಫಿ ಬಾರಿನ ಪ್ರಸ್ತಾಪ ಬಂದದ್ದರಿಂದ ಬರೆಯುತ್ತಿದ್ದೇನೆ. ಸೋಹೋದ ಓಲ್ಡ್ ಕಾಂಪ್ಟನ್ ಬೀದಿಯ 59ನೆಯ ಸಂಖ್ಯೆಯ ಕಟ್ಟಡದ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ‘2 ಐಸ್’ ಎಂಬ ಕಾಫಿ ಬಾರ್ ಇದ್ದದ್ದು ಅಲ್ಲಿಯೇ. ಈಗ ಗೋಡೆಯ ಮೇಲೆ ಹಸಿರು ಬಣ್ಣದ ನೆನಪಿನ ಫಲಕವೊಂದಿದೆ. ಹೆಸರಿನಲ್ಲಿರುವ ಎರಡು ‘ಐ’ಗಳು ಹಿಂದಿನ ಮಾಲೀಕರಾದ ಇರಾನಿ ಸಹೋದರರ ಹೆಸರಿನಿಂದ ಬಂದವು, ಬೆಂಗಳೂರು, ಮುಂಬಯಿಗಳ ಇರಾನಿ ಚಹಾದಂಗಡಿಗಳನ್ನು ಬಲ್ಲ ನಮಗೆ ಆ ಹೆಸರು ಎಷ್ಟು ಹತ್ತಿರದ್ದು! 1956ರಲ್ಲಿ ಅದನ್ನು ವಹಿಸಿಕೊಂಡವರು ಆಸ್ಟ್ರೇಲಿಯಾದ ಇಬ್ಬರು ಕುಸ್ತಿಪಟುಗಳು. ಮೇಲೆ ಕಾಫಿ, ಕೆಳಗೆ ಇಕ್ಕಟ್ಟಾದ ನೆಲಮಾಳಿಗೆ; ಹಾಲಿನ ಬಾಟಲಿಗಳ ಪೆಟ್ಟಿಗೆಗಳ ಮೇಲೆ ಹಲಗೆ ಹಾಸಿದರೆ ಅದೇ ವೇದಿಕೆ. ಆ ನೆಲಮಾಳಿಗೆಯ ಗೋಡೆಗಳ ಅಲಂಕಾರ ಮಾಡಿದವರೂ ಲಯನೆಲ್ ಬಾರ್ಟ್ ಅವರೇ.

ಹಡಗಿನಲ್ಲಿ ಕೆಲಸಕ್ಕಿದ್ದ, ಬರ್ಮಂಡ್ಸಿ ಎಂಬ ಶ್ರಮಿಕರ ಬಡಾವಣೆಯ ಟಾಮಿ ಸ್ಟೀಲ್ ಪ್ರಸಿದ್ಧಿಗೆ ಬಂದದ್ದು ಅಲ್ಲಿಂದ. 1956ರ ಶರತ್ಕಾಲದಲ್ಲಿ ಮೊದಲ ತಟ್ಟೆ, 1957ರ ಜನವರಿಯಲ್ಲಿ ‘ಸಿಂಗಿಂಗ್ ದಿ ಬ್ಲೂಸ್’ ಮೊದಲ ಸ್ಥಾನಕ್ಕೆ, ಅದೇ ವರ್ಷ ‘ದಿ ಟಾಮಿ ಸ್ಟೀಲ್ ಸ್ಟೋರಿ’ ಎಂಬ ಚಿತ್ರ ಸಿದ್ಧ. ಇಪ್ಪತ್ತು ವರ್ಷದ ಹುಡುಗನ ಜೀವನಚರಿತ್ರೆಯನ್ನು ಆತನೇ ಅಭಿನಯಿಸಿದ ಆ ಚಿತ್ರವನ್ನು ನಾನು ಪ್ರೀತಿಯಿಂದ ನೋಡುತ್ತೇನೆ. ಬಾರ್ಟ್, ಮೈಕ್ ಪ್ರ್ಯಾಟ್ ಮತ್ತು ಸ್ಟೀಲ್ ಕೂಡಿ ಬರೆದ ‘ಎ ಹ್ಯಾಂಡ್‌ಫುಲ್ ಆಫ್ ಸಾಂಗ್ಸ್’ ಅದರಲ್ಲಿದೆ. ನಗುವಾಗ ಕಣ್ಣು ಮುಚ್ಚಿಹೋಗುವ ಆ ಹುಡುಗ ತನ್ನ ಬೀದಿಯ ಉಚ್ಚಾರಣೆಯನ್ನು ಮರೆಮಾಚದೆ ತೆರೆಯ ಮೇಲೆ ಮಾತನಾಡುತ್ತಾನೆ. ಅಲ್ಲಿಯವರೆಗೆ ಬ್ರಿಟಿಷ್ ಚಿತ್ರಗಳಲ್ಲಿ ಅಂಥ ಮಾತು ಹೆಚ್ಚಾಗಿ ಮನೆಗೆಲಸದವರಿಗೂ ನಗಿಸುವ ಪಾತ್ರಗಳಿಗೂ ಮೀಸಲಾಗಿತ್ತು. ನನ್ನ ನೆರೆಯ ವೃದ್ಧೆಯೊಬ್ಬರು ಆ ಬಡಾವಣೆಯವರು. ಟಾಮಿ ತೆರೆಯ ಮೇಲೆ ಬಾಯಿ ತೆರೆದಾಗ ನಮ್ಮ ಬೀದಿಯೇ ಮಾತನಾಡಿದಂತಾಯಿತು ಎಂದು ಅವರು ಹೇಳುವಾಗ ದನಿ ಇಂದಿಗೂ ಏರುತ್ತದೆ. ಧಾರವಾಡದ ಮಾತನ್ನು ಮೊದಲ ಸಲ ಕನ್ನಡ ಸಿನಿಮಾದಲ್ಲಿ ನಾಯಕನ ಬಾಯಿಂದ ಕೇಳಿದ ನನಗೆ ಆ ಏರು ಅರ್ಥವಾಗುತ್ತದೆ.

ತಟ್ಟೆಪೆಟ್ಟಿಗೆ (ಮೈಸೂರು):

ಎಲ್ಲರಿಗೂ ಋಣಿ. ತೆರೆಯ ಓದು ಅವರ ಮಾತು ಓದಿದ ಮೇಲೆ ಒಂದು ಸಂಗತಿಯನ್ನು ಪರಿಶೀಲಿಸಿದೆ, ಅದು ನನ್ನ ಪ್ರಶ್ನೆಗೇ ಬಹುಪಾಲು ಉತ್ತರವಾಯಿತು. ‘ಸೀರಿಯಸ್ ಚಾರ್ಜ್’ಗೂ ‘ಬೀಟ್ ಗರ್ಲ್’ಗೂ ಬ್ರಿಟನ್ನಿನ ಸೆನ್ಸಾರಿನವರು ‘ಎಕ್ಸ್’ ಪ್ರಮಾಣಪತ್ರ ಕೊಟ್ಟಿದ್ದರು. ಅಂದಿನ ನಿಯಮದಂತೆ 16 ತುಂಬದವರಿಗೆ ಟಾಕೀಸಿನೊಳಗೆ ಪ್ರವೇಶವಿರಲಿಲ್ಲ. ‘ಸೀರಿಯಸ್ ಚಾರ್ಜ್’ ನಿಜಕ್ಕೂ ಹಾಡಿನ ಚಿತ್ರವೇ ಅಲ್ಲ. ಪಾದ್ರಿಯೊಬ್ಬನ ಮೇಲೆ ಪುಂಡ ಹುಡುಗನೊಬ್ಬ ಹೊರಿಸುವ ಸುಳ್ಳು ಆರೋಪದ ಗಂಭೀರ ಕಥೆ. ಕ್ಲಿಫ್ ಅದರಲ್ಲಿ ಆ ಹುಡುಗನ ತಮ್ಮನಾಗಿ ಚಿಕ್ಕ ಪಾತ್ರದಲ್ಲಿ ಬಂದು ಹೋಗುತ್ತಾನೆ. ಹಾಗಾದರೆ ಆತನನ್ನು ಹುಚ್ಚು ಹಿಡಿದಂತೆ ಪ್ರೀತಿಸಿದ ಹದಿಮೂರು, ಹದಿನಾಲ್ಕರ ಲಕ್ಷಾಂತರ ಹುಡುಗಿಯರು ಆತನ ಮೊದಲ ಚಿತ್ರವನ್ನು ನೋಡಲು ಸಾಧ್ಯವೇ ಇರಲಿಲ್ಲ. ವೇಗದ ಹಾಡು ಆ ಮುಚ್ಚಿದ ಬಾಗಿಲ ಒಳಗೇ ಉಳಿಯಿತು. ನಿಧಾನದ ಹಾಡು ತಟ್ಟೆಯ ಮೇಲೆ ಮನೆಮನೆಗೂ, ಕೋಲಾರದ ಚಿನ್ನದ ಗಣಿಯವರೆಗೂ ಬಂತು.

ಕಂಟೋನ್ಮೆಂಟ್ ಹಿರಿಯ (ಬೆಂಗಳೂರು):

ನಿರ್ದೇಶಕರ ಹೆಸರನ್ನು ತಿದ್ದಿದ್ದಕ್ಕೆ ಮೇಷ್ಟ್ರಿಗೆ ವಂದನೆ. ಇಷ್ಟು ವರ್ಷ ತಪ್ಪನ್ನೇ ಹೇಳಿಕೊಂಡು ಬಂದಿದ್ದೆ.

ಶಿವಮೊಗ್ಗದ ತರುಣ ಗೆಳೆಯರಿಗೆ ಒಂದು ಮಾತು. ‘ದಿ ಯಂಗ್ ಒನ್ಸ್’ ಪಳಗಿದ ಚಿತ್ರವೆಂದು ತಾವು ಹೇಳುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಕಥೆಯನ್ನು ಮತ್ತೊಮ್ಮೆ ಗಮನಿಸಬೇಕು. ಬಡ ಹುಡುಗರು ಸೇರುವ ಒಂದು ಕ್ಲಬ್ಬಿನ ಜಾಗವನ್ನು ಕಚೇರಿಗಳ ಕಟ್ಟಡಕ್ಕಾಗಿ ಕೊಂಡುಕೊಳ್ಳಲು ಹೊರಟವನು ನಾಯಕನ ಸ್ವಂತ ತಂದೆ. ಜಾಗವನ್ನು ಉಳಿಸಿಕೊಳ್ಳಲು ಹುಡುಗರು ಪರವಾನಗಿಯಿಲ್ಲದ ರೇಡಿಯೋ ಪ್ರಸಾರ ನಡೆಸಿ, ಹೆಸರು ಹೇಳದ ಹಾಡುಗಾರನೊಬ್ಬನ ದನಿಯನ್ನು ಊರಿಗೆಲ್ಲ ಕೇಳಿಸುತ್ತಾರೆ. ಕಳ್ಳ ರೇಡಿಯೋ ಹಡಗುಗಳು ಬ್ರಿಟನ್ನಿನ ಕರಾವಳಿಯಾಚೆ ನಿಂತು ಹಾಡು ಬಿತ್ತರಿಸಿದ್ದು 1964ರಲ್ಲಿ; ಚಿತ್ರ ಬಂದದ್ದು 1961ರ ಕೊನೆಗೆ. ಆಟದ ಮೈದಾನಗಳೂ ಟಾಕೀಸುಗಳೂ ಒಂದೊಂದಾಗಿ ಕಟ್ಟಡಗಳಾದುದನ್ನು ಕಣ್ಣಾರೆ ಕಂಡ ಬೆಂಗಳೂರಿನವನಾದ ನನಗೆ ಆ ಕಥೆ ಬರಿಯ ನೆಪವೆಂದು ಅನ್ನಿಸುವುದಿಲ್ಲ. ಶೀರ್ಷಿಕೆಯ ಹಾಡಿನ ತಟ್ಟೆಗೆ ಬಿಡುಗಡೆಗೆ ಮೊದಲೇ ಐದು ಲಕ್ಷಕ್ಕೂ ಹೆಚ್ಚು ಬೇಡಿಕೆ ಬಂದಿತ್ತು, 1962ರ ಜನವರಿಯಲ್ಲಿ ಅದು ನೇರವಾಗಿ ಮೊದಲ ಸ್ಥಾನಕ್ಕೇ ಬಂದು ಕುಳಿತಿತು. ಯೌವನ ಬಹುಕಾಲ ಇರದು ಎಂದು ಹೇಳುವ ಹಾಡನ್ನು ಅಷ್ಟೊಂದು ಎಳೆಯರು ಕಾದು ಕೊಂಡರಲ್ಲ, ಅದನ್ನು ನೆನೆದರೆ ನನಗೆ ಇಂದಿಗೂ ಗಂಟಲು ತುಂಬಿ ಬರುತ್ತದೆ.

ತೆರೆಯ ಓದು (ಶಿವಮೊಗ್ಗ):

ಹಿರಿಯರು ತೋರಿಸಿದ ರೇಡಿಯೋ ಪ್ರಸಂಗದ ಕಾಲವನ್ನು ನಾನು ಯೋಚಿಸಿರಲಿಲ್ಲ. ಆ ಮಟ್ಟಿಗೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಈ ಪರಂಪರೆ ಎಲ್ಲಿ ತಿರುವು ಪಡೆಯಿತು ಎಂಬುದನ್ನೂ ಹೇಳಬೇಕು. ನಿರ್ದೇಶಕ ರಿಚರ್ಡ್ ಲೆಸ್ಟರ್ 1962ರಲ್ಲಿ ಹಾಡುಗಾರರಾದ ಹೆಲೆನ್ ಶಪೀರೋ ಮತ್ತು ಕ್ರೇಗ್ ಡಗ್ಲಸ್ ಅವರನ್ನಿಟ್ಟುಕೊಂಡು ‘ಇಟ್ಸ್ ಟ್ರ್ಯಾಡ್, ಡ್ಯಾಡ್!’ ಮಾಡಿದರು. ಕಥೆ ತೀರ ತೆಳು. ಆದರೆ ಹಾಡು ಬಂದಾಗಲೆಲ್ಲ ಕ್ಯಾಮೆರಾ ತಾನೂ ಒಂದು ವಾದ್ಯವಾಗುತ್ತದೆ. ಎರಡು ವರ್ಷಗಳ ನಂತರ ಅದೇ ಲೆಸ್ಟರ್ ಬೀಟಲ್ಸ್ ಅವರೊಂದಿಗೆ ಮಾಡಿದ ‘ಎ ಹಾರ್ಡ್ ಡೇಸ್ ನೈಟ್’ 1964ರ ಜುಲೈ 6ರಂದು ಲಂಡನ್ನಿನಲ್ಲಿ ತೆರೆಕಂಡಿತು. ‘ಕಾಂಟ್ ಬೈ ಮಿ ಲವ್’ ಕೇಳಿಸುವಾಗ ನಾಲ್ವರೂ ಬಯಲಿನಲ್ಲಿ ಓಡುತ್ತಾರೆ, ಹಾರುತ್ತಾರೆ, ಬೀಳುತ್ತಾರೆ. ಒಬ್ಬರೂ ತುಟಿ ಅಲುಗಿಸಿ ಹಾಡುವುದಿಲ್ಲ, ಒಂದು ಗಿಟಾರೂ ಕಾಣುವುದಿಲ್ಲ. ಹಾಡುವವನನ್ನು ತೋರಿಸಲೇಬೇಕು ಎಂಬ ಕಟ್ಟು ಅಲ್ಲಿ ಸಡಿಲಿತು. ತಟ್ಟೆಪೆಟ್ಟಿಗೆಯವರ ಮಾತಿನಲ್ಲೇ ಹೇಳುವುದಾದರೆ, ತಟ್ಟೆಯ ಮೇಲಿನ ಹಾಡೇ ಯಾವ ಬದಲಾವಣೆಯೂ ಇಲ್ಲದೆ ತೆರೆಯ ಮೇಲಿನ ಹಾಡಾಯಿತು. ಅಲ್ಲಿಂದ ಮುಂದೆ ತಾವು ಕಂಡುಹಿಡಿದಂಥ ಎರಡು ಗತಿಯ ಹಾಡುಗಳಿಗೆ ಜಾಗ ಕಡಿಮೆಯಾಯಿತು.

ತಟ್ಟೆಪೆಟ್ಟಿಗೆ (ಮೈಸೂರು):

ನಿನ್ನೆ ಸಂಜೆ ನಮ್ಮ ತಾಯಿಯವರನ್ನು ಕೂರಿಸಿಕೊಂಡು ಚಿತ್ರದೊಳಗಿನ ಹಾಡನ್ನು ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಬೆರಳು ತೊಡೆಯ ಮೇಲೆ ತಮಗೆ ತಿಳಿದ ನಿಧಾನದ ತಾಳವನ್ನೇ ಹಾಕುತ್ತಿತ್ತು, ಹಾಡು ಮುಂದೆ ಹೋಗಿಬಿಡುತ್ತಿತ್ತು. “ಇದು ಅವನೇ ಏನೋ? ಇಷ್ಟೊಂದು ಅವಸರ ಯಾಕೆ ಅವನಿಗೆ?” ಎಂದರು. ಅವನೇ, ಆಗ ಹದಿನೆಂಟು ವರ್ಷ ಎಂದೆ. “ನನಗೆ ಹದಿನಾಲ್ಕು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹದಿನಾಲ್ಕರವರನ್ನು ಅಲ್ಲಿ ಈ ಚಿತ್ರಕ್ಕೆ ಬಿಡುತ್ತಿರಲಿಲ್ಲ ಎಂದು ತಿಳಿಸಿದೆ. ಇನ್ನೊಮ್ಮೆ ಹಾಕು ಎಂದರು, ಎರಡನೆಯ ಸಲ ಬೆರಳು ಹಾಡಿನ ಜೊತೆಗೇ ಓಡಿತು.

ಆಮೇಲೆ ತಮ್ಮ ತಟ್ಟೆಯನ್ನು ತರಲು ಹೇಳಿ, ಅದನ್ನು ಮಗುಚಿ ಹಾಕಿಸಿದರು. ಆ ಬದಿಯಲ್ಲಿ ‘ಏಪ್ರನ್ ಸ್ಟ್ರಿಂಗ್ಸ್’ ಇದೆ. ನಾನು ಆ ಬದಿಯನ್ನು ಕೇಳಿದ್ದೇ ಇಲ್ಲ. ಅದರ ಮಾತುಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು.